ಹೊಸ ಜೀವಜಾತಿಯ ಹುಟ್ಟು: ನಿಪ್ಪಾಣಿಯ ತಂಬಾಕು ಹೇಳುವ ಇತಿಹಾಸ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ಊರುಗಳಿವೆ. ಕೃಷ್ಣಾನದಿಯೂ, ಅದನ್ನು ಕೂಡಿಕೊಳ್ಳುವ ದೂಧಗಂಗೆಯೂ, ದೂಧಗಂಗೆಗೆ ಬಂದು ಸೇರುವ ವೇದಗಂಗೆಯೂ ಈ ಸೀಮೆಗೆ ನೀರುಣಿಸುತ್ತವೆ. ಇಲ್ಲಿಯ ಜನರ ಬಾಯಲ್ಲಿ ಕನ್ನಡವೂ ಮರಾಠಿಯೂ ಬೆರೆತು ನಡೆಯುವಂತೆ ಇಲ್ಲಿಯ ಹೊಲಗಳಲ್ಲಿ ತಂಬಾಕು, ಕಬ್ಬು, ಶೇಂಗಾ, ಹತ್ತಿ, ಗೋಧಿ, ಜೋಳಗಳು ಒಂದರ ಮಗ್ಗುಲಲ್ಲಿ ಒಂದು ಬೆಳೆಯುತ್ತವೆ. ಹಾದಿಯಲ್ಲಿ ಹೋಗುವವನಿಗೆ ಇವು ಬರಿಯ ಪೈರುಗಳು. ಪೇಟೆಯ ವರ್ತಕನಿಗೆ ಸರಕು. ಒಕ್ಕಲಿಗನಿಗೆ ವರ್ಷದ ಗಂಜಿ. ಆದರೆ ಜೀವವಿಕಾಸದ ಇತಿಹಾಸವನ್ನು ಅರಿಯಬಯಸುವವನಿಗೆ ಇವು ತೆರೆದಿಟ್ಟ ಪುಸ್ತಕದ ಹಾಳೆಗಳಂತಿವೆ. ಭೂಮಿಯ ಮೇಲೆ ಹೊಸದೊಂದು ಜೀವಜಾತಿ ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆಗೆ ದೊರೆತಿರುವ ಅತ್ಯಂತ ಸ್ಪಷ್ಟವಾದ ಉತ್ತರಗಳಲ್ಲಿ ಒಂದು, ನಿಪ್ಪಾಣಿಯ ಸುತ್ತಣ ತಂಬಾಕಿನ ಗಿಡದಲ್ಲಿಯೇ ಅಡಗಿದೆ. ಆ ಇತಿಹಾಸವನ್ನು ಕುರಿತು ನಾವು ಇಲ್ಲಿ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಮೊದಲು ಶಬ್ದದ ವಿಚಾರ. ಜಾತಿ ಎಂದೊಡನೆ ನಮ್ಮ ಜನರ ಮನಸ್ಸಿಗೆ ಬರುವ ಅರ್ಥ ಬೇರೆ. ಇಲ್ಲಿ ನಾವು ಆ ಶಬ್ದವನ್ನು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಅರ್ಥದಲ್ಲಿ ಮಾತ್ರ ಬಳಸುತ್ತೇವೆ. ತಮ್ಮತಮ್ಮೊಳಗೆ ಕೂಡಿ ಫಲವತ್ತಾದ ಸಂತಾನವನ್ನು ಪಡೆಯುವ, ಆದರೆ ಇತರ ಗುಂಪುಗಳೊಡನೆ ಕೂಡಿ ಅಂತಹ ಸಂತಾನವನ್ನು ಸಾಮಾನ್ಯವಾಗಿ ಪಡೆಯಲಾರದ ಜೀವಿಗಳ ಸಮೂಹಕ್ಕೆ ಒಂದು ಜಾತಿಯೆಂದು ಹೆಸರು. ಕುದುರೆ ಒಂದು ಜಾತಿ, ಕತ್ತೆ ಇನ್ನೊಂದು. ಇವೆರಡೂ ಕೂಡಿದರೆ ಹೇಸರಗತ್ತೆ ಹುಟ್ಟುತ್ತದೆ. ಅದು ಬಲಶಾಲಿಯೂ ತಾಳ್ಮೆಯುಳ್ಳದ್ದೂ ಆದರೂ ಬಂಜೆ. ಅದರ ವಂಶ ಅದರೊಡನೆಯೇ ಮುಗಿಯುತ್ತದೆ. ಜಾತಿ ಜಾತಿಗಳ ನಡುವೆ ಪ್ರಕೃತಿ ಕಟ್ಟಿರುವ ಗೋಡೆ ಇದು. ಈ ಗೋಡೆ ಹೇಗೆ ಎದ್ದಿತು, ಒಂದೇ ಮನೆಯವರಾಗಿದ್ದವರು ಎರಡು ಮನೆಯವರಾದದ್ದು ಹೇಗೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಕೊಡುವ ಉತ್ತರವನ್ನು ನಮ್ಮ ಸಹ್ಯಾದ್ರಿಯ ಶ್ರೇಣಿಯಲ್ಲಿಯೇ ಕಾಣಬಹುದು. ನೀಲಗಿರಿಯ ದಕ್ಷಿಣಕ್ಕೆ ಪಾಲಘಾಟಿನ ಕಣಿವೆಯು ಬೆಟ್ಟದ ಸಾಲನ್ನು ಕಡಿದುಹಾಕಿದೆ. ಬೆಟ್ಟದ ನೆತ್ತಿಯ ಶೋಲಾ ಕಾಡುಗಳಲ್ಲಿ ಮಾತ್ರ ಬಾಳುವ ಚಿಕ್ಕ ಹಕ್ಕಿಗಳು ಬಿಸಿಲು ಸುಡುವ ಆ ಕಣಿವೆಯನ್ನು ದಾಟಲಾರವು. ಆದಕಾರಣ ಉತ್ತರದಲ್ಲಿ ಉಳಿದ ಹಕ್ಕಿಗಳೂ ದಕ್ಷಿಣದಲ್ಲಿ ಉಳಿದ ಹಕ್ಕಿಗಳೂ ಬಹುಕಾಲ ಬೇರೆಬೇರೆಯಾಗಿ ಬಾಳಿ, ಕ್ರಮೇಣ ಬಣ್ಣದಲ್ಲಿಯೂ ವಂಶವಾಹಿಗಳಲ್ಲಿಯೂ ಬೇರೆಯಾದವು. ನೀಲಗಿರಿಯ ಶೋಲಾ ಹಕ್ಕಿ ಒಂದು ಜಾತಿ, ಕಣಿವೆಯ ಆಚೆಯ ಅದರ ದಾಯಾದಿ ಇನ್ನೊಂದು ಜಾತಿ ಎಂದು ವಿದ್ವಾಂಸರು ಈಗ ಎಣಿಸುತ್ತಾರೆ. ನೆಲ ಬೇರೆಯಾಯಿತು, ಬಳಕೆ ತಪ್ಪಿತು, ಕಾಲ ಕಳೆಯಿತು, ಜಾತಿ ಎರಡಾಯಿತು. 1859ರಲ್ಲಿ ಡಾರ್ವಿನ್ ಮಹಾಶಯನು ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದಂದಿನಿಂದ ಪಂಡಿತರು ಹೆಚ್ಚಾಗಿ ಮಂದಗತಿಯ ಇಂತಹ ಬದಲಾವಣೆಯನ್ನೇ ವಿಚಾರಮಾಡುತ್ತ ಬಂದಿದ್ದಾರೆ.

ಇದನ್ನು ಕೇಳಿದವರು ಕೂಡಲೆ ಒಂದು ಆಕ್ಷೇಪಣೆಯನ್ನು ಎತ್ತುವುದುಂಟು. ಲಕ್ಷಾಂತರ ವರ್ಷಗಳ ಮಾತನ್ನು ಯಾರು ಬೇಕಾದರೂ ಆಡಬಹುದು, ಹೊಸ ಜಾತಿ ಹುಟ್ಟಿದ್ದನ್ನು ಕಣ್ಣಾರೆ ಕಂಡವರಾರು ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ಕೊಡುವ ಸಲುವಾಗಿಯೇ ನಾವು ನಿಪ್ಪಾಣಿಗೆ ಬರಬೇಕಾಗಿದೆ.

ತಂಬಾಕು ನಮ್ಮ ನೆಲದ ಗಿಡವಲ್ಲ. ಅದರ ತವರು ದಕ್ಷಿಣ ಅಮೆರಿಕ. ಪೋರ್ತುಗೀಸರು ಅದನ್ನು ಹಡಗಿನಲ್ಲಿ ತಂದು ಭಾರತದ ಪಶ್ಚಿಮ ತೀರಕ್ಕೆ ಇಳಿಸಿದರು. ಅಲ್ಲಿಂದ ಅದು ಘಟ್ಟ ಹತ್ತಿ ದಖ್ಖಣಕ್ಕೆ ಬಂದಿತು. ಮೊಗಲ್ ಬಾದಷಹ ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನೆಂಬವನು ಅಲ್ಲಿ ತಂಬಾಕನ್ನು ಮೊದಲಬಾರಿಗೆ ಕಂಡು ಬೆರಗಾಗಿ, ಸುಮಾರು 1604-05ರಲ್ಲಿ ಅದನ್ನು ಒಂದು ಅಂದವಾದ ಕೊಳವೆಯೊಡನೆ ಬಾದಷಹನಿಗೆ ಕಾಣಿಕೆಯಾಗಿ ಒಯ್ದನೆಂದು ತಾನೇ ಬರೆದಿಟ್ಟಿದ್ದಾನೆ. ಆಗ ಬಿಜಾಪುರವನ್ನು ಆಳುತ್ತಿದ್ದವನು ಎರಡನೆಯ ಇಬ್ರಾಹಿಂ ಆದಿಲಷಹ. ಅಥಣಿ, ರಾಯಬಾಗಗಳು ಆ ರಾಜ್ಯಕ್ಕೆ ಸೇರಿದ್ದವು. ಕಾಲಕ್ರಮದಲ್ಲಿ ಆದಿಲಷಾಹಿ ಅಳಿಯಿತು, ಮರಾಠರು ಬಂದರು, ಇಂಗ್ಲಿಷರು ಬಂದು ಹೋದರು. ತಂಬಾಕು ಮಾತ್ರ ಉಳಿಯಿತು. ನಿಪ್ಪಾಣಿ ಬೀಡಿಯ ತಂಬಾಕಿಗೆ ಹೆಸರಾದ ಪೇಟೆಯಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದು ಅಲ್ಲಿ ಏರ್ಪಟ್ಟಿತು. ಈ ಎಲೆಯಿಂದ ದೇಹಕ್ಕೆ ಆಗುವ ಕೇಡು ಈಗ ಎಲ್ಲರಿಗೂ ತಿಳಿದದ್ದೇ. ಅದರ ಸೇವನೆಯನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಗಿಡದ ಹುಟ್ಟಿನ ಕಥೆಯಷ್ಟೇ ನಮಗೆ ಇಲ್ಲಿ ಬೇಕಾದದ್ದು.

ತಂಬಾಕಿನ ಹೊಲದಲ್ಲಿ ಹೂವು ಕಾಣುವುದು ಅಪರೂಪ. ಎಲೆ ದಪ್ಪವಾಗಿ ಸಾರವತ್ತಾಗಲೆಂದು ಒಕ್ಕಲಿಗನು ಮೊಗ್ಗು ಮೂಡುವ ಹೊತ್ತಿಗೆ ಕುಡಿಯನ್ನು ಚಿವುಟಿಬಿಡುತ್ತಾನೆ; ಬೀಜಕ್ಕೆಂದು ಕೆಲವು ಗಿಡಗಳನ್ನು ಮಾತ್ರ ಹಾಗೆಯೇ ಬಿಡುತ್ತಾನೆ. ಆ ಗಿಡಗಳಲ್ಲಿ ನಸುಗೆಂಪಿನ, ತುತ್ತೂರಿಯಂತಹ ಹೂಗಳು ಅರಳುತ್ತವೆ. ಅದರ ಬೀಜವೋ ಧೂಳಿನಷ್ಟು ಸಣ್ಣದು. ಒಂದು ಗ್ರಾಮಿನಲ್ಲಿ ಸುಮಾರು 10,000 ಬೀಜಗಳು ಹಿಡಿಸುತ್ತವೆ. ಚಿವುಟದೆ ಬಿಟ್ಟ ಆ ಹೂವಿನಲ್ಲಿಯೇ ನಮ್ಮ ಕಥೆಯ ಬೀಗದಕೈ ಇದೆ.

ತಂಬಾಕಿಗೂ ಈ ಶಾಸ್ತ್ರಕ್ಕೂ ನಂಟು ಹಳೆಯದು. 1753ರಲ್ಲಿ ಸ್ವೀಡನ್ ದೇಶದ ಲಿನೇಯಸ್ ಪಂಡಿತನು ಸಸ್ಯಗಳಿಗೆ ಎರಡೆರಡು ಪದಗಳ ಹೆಸರನ್ನು ಕೊಟ್ಟಾಗ, ನಾವು ಬೆಳೆಯುವ ತಂಬಾಕಿಗೆ ನಿಕೋಟಿಯಾನ ಟಬ್ಯಾಕಮ್ ಎಂದೂ, ಉತ್ತರ ಹಿಂದೂಸ್ಥಾನದಲ್ಲಿ ಹುಕ್ಕಾಕ್ಕೆ ಹೆಚ್ಚಾಗಿ ಬಳಸುವ ಇನ್ನೊಂದಕ್ಕೆ ನಿಕೋಟಿಯಾನ ರಸ್ಟಿಕ ಎಂದೂ ಹೆಸರಿಟ್ಟನು. 1760ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಕೋಲ್ರಾಯ್ಟರನು ಒಂದು ಪ್ರಯೋಗ ಮಾಡಿದನು. ರಸ್ಟಿಕ ತಂಬಾಕಿನ ಹೂವಿಗೆ ಪ್ಯಾನಿಕ್ಯುಲೇಟ ಎಂಬ ಕಾಡುತಂಬಾಕಿನ ಪರಾಗವನ್ನು ತಂದು ಸೋಕಿಸಿ ಬೀಜ ಪಡೆದು ಬಿತ್ತಿದನು. ಹುಟ್ಟಿದ ಗಿಡಗಳು ತಾಯಿಗೂ ತಂದೆಗೂ ನಡುವಣ ರೂಪದಲ್ಲಿದ್ದು ಸೊಂಪಾಗಿ ಬೆಳೆದವು. ಆದರೆ ಅವುಗಳ ಪರಾಗ ಜೊಳ್ಳಾಗಿದ್ದಿತು. ತಮ್ಮ ಪರಾಗದಿಂದ ಅವು ಕಾಯಿ ಕಟ್ಟಲಿಲ್ಲ. ಕೋಲ್ರಾಯ್ಟರನು ಇವನ್ನು ಸಸ್ಯಲೋಕದ ಹೇಸರಗತ್ತೆಗಳೆಂದು ಕರೆದನು. ಎರಡು ಜಾತಿಗಳು ಬೆರೆತು ಹೊಸ ಜಾತಿಗಳು ಮನಬಂದಂತೆ ಹುಟ್ಟಿಬಿಟ್ಟರೆ ಸೃಷ್ಟಿಯಲ್ಲಿ ಗೊಂದಲವೇ ಆದೀತು. ಹಾಗಾಗದಿರಲೆಂದೇ ಈ ಬಂಜೆತನವೆಂಬ ಬೇಲಿ ಇರುವುದೆಂದು ಅವನು ತಿಳಿದನು.

ಮುಂದೆ ಒಂದು ಶತಮಾನದ ತರುವಾಯ ಡಾರ್ವಿನನು ಕೋಲ್ರಾಯ್ಟರನ ಪ್ರಯೋಗಗಳನ್ನು ಓದಿ, ಸಂಕರ ಸಂತಾನದ ವಿಚಾರಕ್ಕೆ ತನ್ನ ಗ್ರಂಥದಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಬಂಜೆತನವು ಯಾರೋ ಬೇಕೆಂದು ಕಟ್ಟಿದ ಬೇಲಿಯಲ್ಲ. ಎರಡು ವಂಶಗಳು ಬಹುಕಾಲ ಬೇರೆಬೇರೆಯಾಗಿ ಬದಲಾದದ್ದರಿಂದ ತಾನಾಗಿ ಬಂದ ಫಲವೆಂದು ಅವನು ವಾದಿಸಿದನು. ಆದರೆ ಹೂವಿನ ಒಳಗೆ ನಡೆಯುವುದೇನೆಂದು ತೋರಿಸುವ ಸಾಧನ ಅವನ ಕೈಯಲ್ಲಿರಲಿಲ್ಲ. ಆ ಸಾಧನ ದೊರೆತದ್ದು ಸೂಕ್ಷ್ಮದರ್ಶಕದಲ್ಲಿ ವರ್ಣತಂತುಗಳನ್ನು ಎಣಿಸಲು ಕಲಿತ ಮೇಲೆ.

ವರ್ಣತಂತುಗಳೆಂದರೆ ಪ್ರತಿಯೊಂದು ಜೀವಕೋಶದ ನಡುವೆ ಇರುವ, ವಂಶದ ಗುಣಗಳನ್ನು ಹೊತ್ತ ನೂಲಿನಂತಹ ವಸ್ತುಗಳು. ಇವು ಜೋಡಿ ಜೋಡಿಯಾಗಿರುತ್ತವೆ. ಪ್ರತಿ ಜೋಡಿಯಲ್ಲಿಯೂ ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ ಬಂದದ್ದು. ಪರಾಗವೂ ಅಂಡವೂ ಹುಟ್ಟುವಾಗ ಪ್ರತಿಯೊಂದು ವರ್ಣತಂತುವೂ ತನ್ನ ಜೊತೆಗಾರನೊಡನೆ ಕೂಡಿ ನಿಂತು ಆಮೇಲೆ ಬೇರೆಯಾಗಬೇಕು. ನೊಗಕ್ಕೆ ಎತ್ತು ಹೂಡುವ ರೀತಿಯನ್ನು ನೆನೆದರೆ ಇದು ತಿಳಿಯುತ್ತದೆ. ಸರಿಜೋಡಿಯ ಎತ್ತಿದ್ದರೆ ನೇಗಿಲು ಸಾಗುವುದು. ಒಂಟಿ ಎತ್ತು ನೊಗದ ಕೆಳಗೆ ನಿಂತರೆ ಸಾಲು ಮೂಡದು. ಎರಡು ದೂರದ ಜಾತಿಗಳು ಕೂಡಿ ಹುಟ್ಟಿದ ಗಿಡದಲ್ಲಿ ತಾಯಿಯ ತಂತುಗಳಿಗೆ ತಂದೆಯ ತಂತುಗಳು ಒಪ್ಪುವ ಜೋಡಿಯಲ್ಲ. ಎಲ್ಲವೂ ಒಂಟಿ. ಆದಕಾರಣ ಪರಾಗ ಜೊಳ್ಳಾಗುತ್ತದೆ, ಗಿಡ ಬಂಜೆಯಾಗುತ್ತದೆ. ಕುದುರೆಗೆ 32 ಜೋಡಿ, ಕತ್ತೆಗೆ 31 ಜೋಡಿ. ಹೇಸರಗತ್ತೆಯಲ್ಲಿ 63 ತಂತುಗಳು ಜೊತೆ ಕಾಣದೆ ಒದ್ದಾಡುತ್ತವೆ.

ಹೀಗಿರುವಲ್ಲಿ 1917ರಲ್ಲಿ ಡೆನ್ಮಾರ್ಕಿನ ವಿಂಗೆ ಎಂಬ ವಿದ್ವಾಂಸನು ಒಂದು ಊಹೆಯನ್ನು ಮುಂದಿಟ್ಟನು. ಇಂತಹ ಬಂಜೆ ಗಿಡದಲ್ಲಿ ಎಂದಾದರೊಮ್ಮೆ, ಜೀವಕೋಶ ಎರಡಾಗುವಾಗ ಆಗುವ ಒಂದು ತಪ್ಪಿನಿಂದ, ಎಲ್ಲ ವರ್ಣತಂತುಗಳೂ ಇಮ್ಮಡಿಯಾದರೆ ಏನಾಗುವುದು? ಒಂಟಿಯಾಗಿದ್ದ ಪ್ರತಿಯೊಂದಕ್ಕೂ ತನ್ನ ಪ್ರತಿರೂಪವೇ ಜೊತೆಯಾಗಿ ದೊರೆಯುವುದು. ಬಂಜೆತನ ಹೋಗಿ ಗಿಡವು ಫಲವತ್ತಾಗುವುದು. ಅಷ್ಟೇ ಅಲ್ಲ, ಅದು ತನ್ನ ತಾಯಿಯೊಡನೆಯಾಗಲಿ ತಂದೆಯೊಡನೆಯಾಗಲಿ ಮತ್ತೆ ಕೂಡಿದರೆ ಹುಟ್ಟುವ ಸಂತಾನದಲ್ಲಿ ತಂತುಗಳ ಲೆಕ್ಕ ಪುನಃ ತಪ್ಪಿ ಬಂಜೆತನ ಬರುವುದು. ಎಂದರೆ ಹೊಸ ಗಿಡವು ಹುಟ್ಟಿದ ದಿನವೇ ಹೆತ್ತವರಿಂದ ಬೇರೆಯಾದ ಹೊಸ ಜಾತಿ. ಕಣಿವೆ ಬೇಕಿಲ್ಲ, ಲಕ್ಷ ವರ್ಷ ಬೇಕಿಲ್ಲ. ಒಂದೇ ತಲೆಮಾರು ಸಾಕು.

ಈ ಊಹೆಗೆ ಪ್ರಯೋಗದ ಆಧಾರ ದೊರೆತದ್ದು ತಂಬಾಕಿನಲ್ಲಿಯೇ. ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಕ್ಲಾಸನ್, ಗುಡ್‌ಸ್ಪೀಡ್ ಎಂಬಿಬ್ಬರು ನಮ್ಮ ತಂಬಾಕನ್ನು ಗ್ಲುಟಿನೋಸ ಎಂಬ ಕಾಡುತಂಬಾಕಿನೊಡನೆ ಕೂಡಿಸಿದರು. ತಂಬಾಕಿನಲ್ಲಿ 24 ಜೋಡಿ, ಗ್ಲುಟಿನೋಸದಲ್ಲಿ 12 ಜೋಡಿ. ಸಂಕರ ಗಿಡಗಳು ಬಂಜೆಯಾಗುವುದು ಸಹಜ. ಆದರೆ ಅವುಗಳಲ್ಲಿ ಒಂದು ಫಲವತ್ತಾಗಿ ಬೀಜ ಕಟ್ಟಿತು. ಎಣಿಸಿ ನೋಡಿದರೆ ಅದರ ವಂಶದಲ್ಲಿ 36 ಜೋಡಿ ವರ್ಣತಂತುಗಳಿದ್ದವು. 1925ರಲ್ಲಿ ಅವರು ಇದನ್ನು ವಿಂಗೆಯ ಊಹೆಗೆ ಪ್ರಾಯೋಗಿಕ ಸಾಕ್ಷ್ಯವೆಂದು ಪ್ರಕಟಿಸಿದರು. ಹೊಸ ಗಿಡಕ್ಕೆ ನಿಕೋಟಿಯಾನ ಡಿಗ್ಲೂಟ ಎಂದು ಹೆಸರಾಯಿತು. ಅದಕ್ಕೆ ಮೊದಲು ಭೂಮಿಯಲ್ಲಿ ಕಂಡಿರದ ಒಂದು ಸಸ್ಯಜಾತಿಯು ಮನುಷ್ಯನ ಕಣ್ಣೆದುರಿಗೆ ಹುಟ್ಟಿ ನಿಂತಿತು. ಸ್ವಲ್ಪ ಕಾಲದಲ್ಲಿಯೇ ರಷ್ಯಾದ ಕಾರ್ಪೆಚೆಂಕೊ ಪಂಡಿತನು ಮೂಲಂಗಿಯನ್ನೂ ಎಲೆಕೋಸನ್ನೂ ಕೂಡಿಸಿ, ಅದೇ ಬಗೆಯ ಫಲವತ್ತಾದ ಹೊಸ ಗಿಡವನ್ನು ಪಡೆದನು. 1937ರ ಹೊತ್ತಿಗೆ ಕಾಲ್ಚಿಸೀನ್ ಎಂಬ ವಸ್ತುವಿನಿಂದ ವರ್ಣತಂತುಗಳನ್ನು ಬೇಕೆಂದಾಗ ಇಮ್ಮಡಿ ಮಾಡಬಹುದೆಂದು ತಿಳಿಯಿತು. ಈ ವಸ್ತು ನಮ್ಮ ಕಾಡುಬೇಲಿಗಳಲ್ಲಿ ಕೆಂಡದಂತೆ ಅರಳುವ ಅಗ್ನಿಶಿಖೆಯ ಗಿಡದಲ್ಲಿಯೂ ಇದೆ.

ಆದರೆ ಅದಕ್ಕಿಂತಲೂ ಸೋಜಿಗವಾದ ಸಂಗತಿ ಬೇರೊಂದಿದೆ. ಪ್ರಯೋಗಕ್ಕೆ ಆರಿಸಿಕೊಂಡ ತಂಬಾಕು ತಾನೇ ಹಿಂದೊಮ್ಮೆ ಇದೇ ದಾರಿಯಲ್ಲಿ ಹುಟ್ಟಿದ ಗಿಡ! ಅದರ 24 ಜೋಡಿಗಳಲ್ಲಿ 12 ಜೋಡಿ ಒಂದು ಕಾಡುಜಾತಿಯವು, 12 ಜೋಡಿ ಇನ್ನೊಂದರವು. ತಾಯಿ ಸಿಲ್ವೆಸ್ಟ್ರಿಸ್ ಎಂಬ, ಉದ್ದನೆಯ ಬಿಳಿಯ ಹೂವಿನ ಗಿಡ. ತಂದೆ ಟೊಮೆಂಟೊಸಿಫಾರ್ಮಿಸ್ ಎಂಬ, ನಸುಗೆಂಪು ಹೂವಿನ ಗಿಡ. ಇವೆರಡರ ನೆಲೆಯೂ ಬೊಲಿವಿಯ, ಅರ್ಜೆಂಟೀನಗಳ ಬೆಟ್ಟದ ಸೀಮೆ. ನಮ್ಮ ತಂಬಾಕು ಹುಟ್ಟಿ ಸುಮಾರು 2 ಲಕ್ಷ ವರ್ಷಗಳನ್ನು ಮೀರಿರಲಾರದೆಂದು ಲೆಕ್ಕಹಾಕಲಾಗಿದೆ. ಭೂಮಿಯ ವಯಸ್ಸಿಗೆ ಇದು ನಿನ್ನೆ ಮೊನ್ನೆಯ ಮಾತು. 2014ರಲ್ಲಿ ತಂಬಾಕಿನ ವಂಶಲಿಪಿಯನ್ನು ಓದಿದಾಗಲೂ ಈ ಇಬ್ಬರು ಹೆತ್ತವರ ಗುರುತು ಅದರಲ್ಲಿ ಉಳಿದಿರುವುದು ದೃಢಪಟ್ಟಿತು. ನಿಪ್ಪಾಣಿಯ ಹೊಲದಲ್ಲಿ ನಿಂತಿರುವ ಒಂದೊಂದು ಗಿಡದ ಒಂದೊಂದು ಜೀವಕೋಶದಲ್ಲಿಯೂ ಎರಡು ಮನೆತನಗಳು ಒಂದೇ ಸೂರಿನ ಕೆಳಗೆ ಸಂಸಾರ ಮಾಡುತ್ತಿವೆಯೆಂದು ಹೇಳಬಹುದು.

ಕೋಲ್ರಾಯ್ಟರನ ಹೇಸರಗತ್ತೆಯ ಗುಟ್ಟೂ ಇಲ್ಲಿಯೇ ಬಯಲಾಗುತ್ತದೆ. ಅವನು ತಾಯಿಯಾಗಿ ಆರಿಸಿಕೊಂಡ ರಸ್ಟಿಕ ಕೂಡ ಎರಡು ಜಾತಿಗಳು ಬೆರೆತು ಇಮ್ಮಡಿಯಾಗಿ ಹುಟ್ಟಿದ್ದು. ಅದರ ಹೆತ್ತವರಲ್ಲಿ ಒಂದು ಅಂಡುಲೇಟ, ಇನ್ನೊಂದು ಅವನು ಪರಾಗ ತೆಗೆದುಕೊಂಡ ಪ್ಯಾನಿಕ್ಯುಲೇಟದ ವಂಶವೇ! ತಾನು ಅರಿಯದೆಯೇ ಅವನು ಮಗುವನ್ನು ಮರಳಿ ಹೆತ್ತವರ ಕುಲದೊಡನೆ ಕೂಡಿಸಿದ್ದನು. 24 ತಂತುಗಳು ಒಂದು ಕಡೆಯಿಂದ, 12 ತಂತುಗಳು ಇನ್ನೊಂದು ಕಡೆಯಿಂದ ಬಂದು 36 ಆದವು, ಅವುಗಳಲ್ಲಿ 12 ಒಂಟಿಯಾಗಿ ಉಳಿದವು, ಗಿಡ ಬಂಜೆಯಾಯಿತು. ಬೆರಕೆಯಿಂದ ಹೊಸ ಜಾತಿ ಹುಟ್ಟಲಾರದೆಂದು ಸಾರಲು ಅವನು ಮುಂದೆ ತಂದ ಸಾಕ್ಷಿಯೇ, ಬೆರಕೆಯಿಂದ ಹುಟ್ಟಿದ ಹೊಸ ಜಾತಿಯಾಗಿದ್ದಿತು. ಅವನ ಪ್ರಯೋಗ ತಪ್ಪಲ್ಲ, ಕಂಡದ್ದೂ ಸುಳ್ಳಲ್ಲ. ನೋಡಲು ಬೇಕಾದ ಕಣ್ಣು ಇನ್ನೂ ಬಂದಿರಲಿಲ್ಲ.

ಇದೆಲ್ಲ ಪ್ರಯೋಗಶಾಲೆಯ ಆಟ, ಹಳೆಯ ಕಾಲದ ಊಹೆ ಎನ್ನುವವರಿಗೆ ಇನ್ನೊಂದು ಉದಾಹರಣೆಯುಂಟು. ಟ್ರಾಗೊಪೋಗನ್ ಎಂಬುದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಯುರೋಪಿನ ಕಳೆಗಿಡ. ಇದರ ಮೂರು ಜಾತಿಗಳು 20ನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕದ ವಾಷಿಂಗ್ಟನ್, ಐಡಹೊ ಸಂಸ್ಥಾನಗಳಿಗೆ ಬಂದು ಸೇರಿದವು. ಅಲ್ಲಿ ರಸ್ತೆಯ ಬದಿಯಲ್ಲಿ, ಪಾಳು ಬಿದ್ದ ನೆಲದಲ್ಲಿ ಅವು ತಮ್ಮೊಳಗೆ ಬೆರೆತು, ಇಮ್ಮಡಿಯಾಗಿ, ಎರಡು ಹೊಸ ಜಾತಿಗಳನ್ನು ಹುಟ್ಟಿಸಿದವು. 1950ರಲ್ಲಿ ಔನ್‌ಬೀ ಎಂಬ ಸಸ್ಯಶಾಸ್ತ್ರಜ್ಞನು ಅವನ್ನು ಗುರುತಿಸಿ ಹೆಸರಿಟ್ಟನು. ಯಾರೂ ಪರಾಗ ಸೋಕಿಸಲಿಲ್ಲ, ಯಾರೂ ಔಷಧ ಹಚ್ಚಲಿಲ್ಲ. ಹೊಸ ಜಾತಿ ಹುಟ್ಟಿದ್ದನ್ನು ಕಂಡವರಾರೆಂಬ ಪ್ರಶ್ನೆಗೆ ಆ ಊರುಗಳ ರಸ್ತೆಯ ಬದಿಯೇ ಉತ್ತರ ಹೇಳುತ್ತದೆ.

ಇನ್ನು ತಂಬಾಕಿನ ಹೊಲದಿಂದ ಪಕ್ಕದ ಹೊಲಗಳಿಗೆ ಬರೋಣ. ಈ ಸೀಮೆಯಲ್ಲಿ ಹುಗ್ಗಿಗೂ ಸಜ್ಜಕಕ್ಕೂ ಹೆಸರಾದ ಖಪಲಿ ಅಥವಾ ಜವೆಗೋಧಿಯಲ್ಲಿ 14 ಜೋಡಿ ವರ್ಣತಂತುಗಳಿವೆ. ಅದರ ಕಾಡುಮೂಲವು ಪಶ್ಚಿಮ ಏಷ್ಯದಲ್ಲಿ, 7 ಜೋಡಿಯ ಎರಡು ಹುಲ್ಲುಗಳು ಕೂಡಿ ಇಮ್ಮಡಿಯಾದುದರಿಂದ ಹುಟ್ಟಿತು. ಆ ಬಳಿಕ ಬೇಸಾಯದ ಜವೆಗೋಧಿ ಮತ್ತೊಂದು ಹುಲ್ಲಿನೊಡನೆ ಕೂಡಿ ಮತ್ತೆ ಇಮ್ಮಡಿಯಾಗಿ, ಇಂದು ಪ್ರಪಂಚವೆಲ್ಲ ರೊಟ್ಟಿಗೆ ಬಳಸುವ 21 ಜೋಡಿಯ ಗೋಧಿಯಾಯಿತು. 1940ರ ದಶಕದಲ್ಲಿ ಮ್ಯಾಕ್‌ಫ್ಯಾಡನ್, ಸಿಯರ್ಸ್ ಎಂಬ ಅಮೆರಿಕನ್ನರು ಈ ಎರಡನೆಯ ಕೂಟವನ್ನು ಪುನಃ ಮಾಡಿಸಿ, ಅಂತಹುದೇ ಗೋಧಿಯನ್ನು ಹುಟ್ಟಿಸಿ ತೋರಿಸಿದರು. ಹತ್ತಿಯಲ್ಲಿಯೂ ಇದೇ ಕಥೆ. ನಮ್ಮ ದೇಶದ ಹಳೆಯ ಹತ್ತಿಗಳಿಗೆ 13 ಜೋಡಿ. 19ನೆಯ ಶತಮಾನದಲ್ಲಿ ಧಾರವಾಡದ ಸೀಮೆಗೆ ತಂದ ಅಮೆರಿಕದ ಹತ್ತಿಗೆ 26. ಅದು ಹತ್ತು ಇಪ್ಪತ್ತು ಲಕ್ಷ ವರ್ಷಗಳ ಹಿಂದೆ, ಹಳೆಯ ಲೋಕದ ಹತ್ತಿಯ ಬಂಧುವೊಂದು ಅಮೆರಿಕದ ಕಾಡುಹತ್ತಿಯೊಡನೆ ಬೆರೆತುದರ ಫಲ. ಶೇಂಗಾ ಕೂಡ ಹಾಗೆಯೇ. 10 ಜೋಡಿಯ ಎರಡು ಕಾಡುಗಿಡಗಳಿಂದ ಹುಟ್ಟಿದ 20 ಜೋಡಿಯ ಗಿಡ ಅದು.

ಬೆರಕೆಯೆಲ್ಲವೂ ಹೊಸ ಜಾತಿಯಾಗುವುದೆಂದು ಯಾರೂ ತಿಳಿಯಬಾರದು. ಇದಕ್ಕೆ ಎರಡು ನಿದರ್ಶನಗಳು ಸಾಕು. 1972ರಲ್ಲಿ ಧಾರವಾಡದಲ್ಲಿ ಕಟರಕಿಯವರು ಎರಡು ಅಮೆರಿಕನ್ ಹತ್ತಿಯ ಜಾತಿಗಳನ್ನು ಕೂಡಿಸಿ ವರಲಕ್ಷ್ಮಿ ಎಂಬ ಪ್ರಸಿದ್ಧ ಹತ್ತಿಯನ್ನು ಬಳಕೆಗೆ ತಂದರು. ಎರಡು ಜಾತಿಗಳಿಗೂ 26 ಜೋಡಿಯೇ ಇದ್ದು ಅವು ಹತ್ತಿರದ ದಾಯಾದಿಗಳಾದ್ದರಿಂದ ಅದು ಬಂಜೆಯಾಗಲಿಲ್ಲ. ಆದರೆ ಅದರ ಬೀಜವನ್ನು ಮರಳಿ ಬಿತ್ತಿದರೆ ಗುಣಗಳು ಚೆದರಿಹೋಗುತ್ತವೆ. ಒಕ್ಕಲಿಗನು ವರ್ಷ ವರ್ಷವೂ ಹೊಸ ಬೀಜವನ್ನು ಕೊಳ್ಳಲೇಬೇಕು. ಅದು ಒಳ್ಳೆಯ ಬೆಳೆ, ಹೊಸ ಜಾತಿಯಲ್ಲ. ಇನ್ನೊಂದು ಕಬ್ಬು. 1912ರಲ್ಲಿ ಕೊಯಮತ್ತೂರಿನಲ್ಲಿ ಏರ್ಪಟ್ಟ ಕಬ್ಬಿನ ತಳಿಕೇಂದ್ರದಲ್ಲಿ ಬಾರ್ಬರ್, ವೆಂಕಟರಾಮನ್ ಇವರು ಸಿಹಿಯಾದ ರಸಗಬ್ಬನ್ನು ನದೀತೀರಗಳಲ್ಲಿ ಬೆಳೆಯುವ ಕಾಡುಕಬ್ಬಿನೊಡನೆ ಕೂಡಿಸಿ, 1918ರ ಹೊತ್ತಿಗೆ ಕೋ 205 ಎಂಬ ತಳಿಯನ್ನು ಹೊರತಂದರು. ಸಂಸ್ಕೃತದಲ್ಲಿ ಕಾಶವೆಂದು ಹೆಸರಾದ ಹುಲ್ಲೇ ಈ ಕಾಡುಕಬ್ಬು. ಅಥಣಿ, ರಾಯಬಾಗ, ಕಾಗವಾಡಗಳಲ್ಲಿ ಗಾಣಕ್ಕೂ ಕಾರಖಾನೆಗೂ ಹೋಗುವ ಇಂದಿನ ಕಬ್ಬುಗಳಲ್ಲಿ ಅಂತಹ ಬೆರಕೆಯ ರಕ್ತವೇ ಹರಿಯುತ್ತಿದೆ. ಕಬ್ಬನ್ನು ತುಂಡು ಕಡಿದು ನೆಡುವುದರಿಂದ ಅದರ ಬೀಜ ನಿಜವಾಗಿ ಮೊಳೆಯುವುದೇ ಎಂಬ ಚಿಂತೆ ಒಕ್ಕಲಿಗನಿಗಿಲ್ಲ. ತನ್ನ ಬೀಜದಿಂದ ತನ್ನಂತಹುದನ್ನೇ ತಲೆಮಾರಿನಿಂದ ತಲೆಮಾರಿಗೆ ಪಡೆಯುತ್ತ, ಹೆತ್ತವರಿಂದ ಬೇರೆಯಾಗಿ ನಿಲ್ಲಬಲ್ಲುದು ಮಾತ್ರ ನಿಜವಾದ ಹೊಸ ಜಾತಿ.

ಇಲ್ಲಿಯವರೆಗೆ ಹೇಳಿದ್ದು ಕುತೂಹಲದ ಮಾತಾಯಿತು. ಆದರೆ ಒಕ್ಕಲಿಗನ ಬದುಕಿಗೆ ತಟ್ಟುವ ಮಾತೊಂದು ಇದರಲ್ಲಿ ಅಡಗಿದೆ. ಒಂದೇ ತಲೆಮಾರಿನಲ್ಲಿ ಹುಟ್ಟಿದ ಜಾತಿಗೆ ಮೂಲಪುರುಷರು ಬಹು ಕಡಿಮೆ. ಕೆಲವೊಮ್ಮೆ ಒಂದೆರಡು ಗಿಡಗಳು ಮಾತ್ರ. ಹೆತ್ತವರೊಡನೆ ಕೊಳುಕೊಡೆ ನಿಂತುಹೋದ್ದರಿಂದ ಅವರಲ್ಲಿದ್ದ ನಾನಾ ಗುಣಗಳ ಸಂಪತ್ತು ಮಗುವಿಗೆ ಬಾರದು. ಗೋಡೆ ಎದ್ದುದರಿಂದಲೇ ಜಾತಿ ಹುಟ್ಟಿತು; ಅದೇ ಗೋಡೆಯಿಂದ ಅದು ಬಡವಾಯಿತು. ಇದಕ್ಕೆ ಶೇಂಗಾ ಎದ್ದುಕಾಣುವ ಉದಾಹರಣೆ. ಅದು ಹುಟ್ಟಿ ಸುಮಾರು 10,000 ವರ್ಷಗಳಷ್ಟೇ ಆಗಿವೆ. ಅದರ ಹೆತ್ತವರಲ್ಲಿ ಒಂದಾದ ಇಪಾಯೆನ್ಸಿಸ್ ಎಂಬ ಕಾಡುಗಿಡವು ಬೊಲಿವಿಯದ ಒಂದೇ ಒಂದು ಸ್ಥಳದಲ್ಲಿ ದೊರೆತದ್ದು. 2016ರಲ್ಲಿ ಅದರ ವಂಶಲಿಪಿಯನ್ನು ಓದಿದಾಗ, ನಮ್ಮ ಶೇಂಗಾದ ಅರ್ಧಭಾಗಕ್ಕೂ ಅದಕ್ಕೂ ಹೆಚ್ಚು ಕಡಿಮೆ ಭೇದವೇ ಇಲ್ಲವೆಂದು ಕಂಡುಬಂದಿತು. ಕೋಟ್ಯಂತರ ಎಕರೆಗಳಲ್ಲಿ ಬೆಳೆಯುವ ಪೈರಿನ ವಂಶ ಅಷ್ಟು ಕಿರಿದಾದ ಬಾಗಿಲಿನಿಂದ ಹೊರಟು ಬಂದಿದೆ. ಎಲೆಗಳ ಮೇಲೆ ಚುಕ್ಕೆಗಳನ್ನು ಎಬ್ಬಿಸುವ ಟಿಕ್ಕಾ ರೋಗವೂ ತುಕ್ಕು ರೋಗವೂ ಬಿದ್ದಾಗ, ಈ ಬಡತನದ ಫಲವನ್ನು ಉಣ್ಣುವವನು ಒಕ್ಕಲಿಗ.

ಪರಿಹಾರ ದೊರೆತದ್ದು ಎಲ್ಲಿ? ಬಿಟ್ಟು ಬಂದ ಬಂಧುಗಳ ಮನೆಯಲ್ಲಿ. ದಕ್ಷಿಣ ಅಮೆರಿಕದ ಕಾರ್ಡಿನಾಸಿ ಎಂಬ ಕಾಡುಶೇಂಗಾದಲ್ಲಿ ಈ ರೋಗಗಳನ್ನು ತಡೆಯುವ ಗುಣವಿತ್ತು. ತಂತುಗಳ ಲೆಕ್ಕದ ಗೋಡೆಯನ್ನು ಉಪಾಯದಿಂದ ದಾಟಿಸಿ ಆ ಗುಣವನ್ನು ಬೆಳೆಯುವ ಶೇಂಗಾಕ್ಕೆ ತರಲಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅಂತಹ ವಂಶದ ಗಿಡವನ್ನು ಬಳಸಿ ಜಿಪಿಬಿಡಿ 4 ಎಂಬ ತಳಿಯನ್ನು ಬೆಳೆಸಿದರು. ತುಕ್ಕನ್ನೂ ಎಲೆಚುಕ್ಕೆಯನ್ನೂ ತಾಳುವ ತಳಿಯೆಂದು ಅದು ಹೆಸರಾಯಿತು. ತಂಬಾಕಿನಲ್ಲಿಯೂ ಹಾಗೆಯೇ ಆಯಿತು. ಎಲೆಯನ್ನು ಹಳದಿ ಹಸುರಿನ ಮಚ್ಚೆಗಳಿಂದ ಕೆಡಿಸುವ ಮೊಸಾಯಿಕ್ ರೋಗಕ್ಕೆ ತಡೆ ಗ್ಲುಟಿನೋಸದಲ್ಲಿದ್ದಿತು. ಕ್ಲಾಸನ್, ಗುಡ್‌ಸ್ಪೀಡರ ಹೊಸ ಜಾತಿಯಾದ ಡಿಗ್ಲೂಟವನ್ನೇ ಸೇತುವೆಯಾಗಿ ಮಾಡಿಕೊಂಡು, 1938ರ ಹೊತ್ತಿಗೆ ಹೋಮ್ಸ್ ಎಂಬ ವಿದ್ವಾಂಸನು ಆ ಗುಣವನ್ನು ಬೆಳೆಯುವ ತಂಬಾಕಿಗೆ ದಾಟಿಸಿದನು. ಶುದ್ಧ ಶಾಸ್ತ್ರಜಿಜ್ಞಾಸೆಗಾಗಿ ಹುಟ್ಟಿಸಿದ ಗಿಡವು 13 ವರ್ಷಗಳೊಳಗೆ ಬೇಸಾಯಕ್ಕೆ ಉಪಕಾರಿಯಾಯಿತು.

ನಮ್ಮ ನೆಲದಿಂದಲೂ ಹೊರಗಿನವರಿಗೆ ಇಂತಹ ಉಪಕಾರವಾಗಿದೆ. ಗೋಧಿಯ ಕಾಂಡತುಕ್ಕು ಅಮೆರಿಕದ ಬಯಲುಗಳನ್ನು ಹಾಳುಮಾಡುತ್ತಿದ್ದಾಗ, ರೋಗದ ಬಗೆಗಳನ್ನು ಗುರುತಿಸಲು ಸ್ಟಾಕ್‌ಮನ್ ಮೊದಲಾದವರು ಹನ್ನೆರಡು ಗೋಧಿಗಳನ್ನು ಪರೀಕ್ಷೆಗೆ ಆರಿಸಿಕೊಂಡರು. ಅವುಗಳಲ್ಲಿ ಒಂದರ ಹೆಸರು ಖಪಲಿ. ಭಾರತದಿಂದ ಹೋದ ಈ ಜವೆಗೋಧಿಯಲ್ಲಿದ್ದ ತುಕ್ಕು ತಡೆಯುವ ವಂಶವಾಹಿಗಳನ್ನು ತಳಿವಿಜ್ಞಾನಿಗಳು ಬೇರೆ ಗೋಧಿಗಳಿಗೆ ಸೇರಿಸಿಕೊಂಡರು. ಇಳುವರಿ ಕಡಿಮೆ, ಹೊಟ್ಟು ಬಿಡಿಸುವುದು ಕಷ್ಟ ಎಂದು ಮೂಲೆಗೆ ತಳ್ಳಲಾಗುತ್ತಿದ್ದ ಧಾನ್ಯದ ಒಂದು ಹಿಡಿ ಕಾಳಿನಲ್ಲಿ ಅಷ್ಟೊಂದು ಸತ್ತ್ವವಿದ್ದಿತು. ಅದನ್ನು ಬಿಡದೆ ಬಿತ್ತುತ್ತ ಬಂದ ಒಕ್ಕಲಿಗರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಆದರೆ ಆ ಬೀಜವನ್ನು ಉಳಿಸಿದವರು ಅವರೇ.

ಈ ಇತಿಹಾಸದಿಂದ ನಮಗೆ ತಿಳಿದುಬರುವುದಿಷ್ಟು. ಹೊಸ ಜೀವಜಾತಿ ಹುಟ್ಟುವ ದಾರಿ ಒಂದೇ ಅಲ್ಲ. ನೆಲ ಬೇರೆಯಾಗಿ, ಕಾಲ ಕಳೆದು, ಮೆಲ್ಲಮೆಲ್ಲನೆ ಹುಟ್ಟುವುದೊಂದು; ಎರಡು ವಂಶಗಳು ಕೂಡಿ, ಬಂಜೆತನದ ಅಂಚಿಗೆ ಹೋಗಿ, ಅಲ್ಲಿಂದ ಒಂದು ಆಕಸ್ಮಿಕದಿಂದ ಪಾರಾಗಿ ಒಂದೇ ತಲೆಮಾರಿನಲ್ಲಿ ಹುಟ್ಟುವುದಿನ್ನೊಂದು. ಎರಡನೆಯ ದಾರಿಯಲ್ಲಿ ಹುಟ್ಟಿದ ಗಿಡಗಳೇ ನಮ್ಮ ಹೊಟ್ಟೆಗೆ ಅನ್ನವನ್ನೂ ಮೈಗೆ ಬಟ್ಟೆಯನ್ನೂ ಕೊಡುತ್ತಿವೆ. ಅಂತಹ ಗಿಡದ ಹುಟ್ಟು ಎಷ್ಟು ಬೇಗನೆಯೋ ಅದರ ಬಂಡವಾಳ ಅಷ್ಟು ಕಿರಿದು. ಆದುದರಿಂದ ಬೆಳೆಯನ್ನು ಕಾಯುವವರು ಅದರ ಕಾಡುಬಂಧುಗಳನ್ನೂ ಹಳೆಯ ನಾಡತಳಿಗಳನ್ನೂ ಕಾಯಲೇಬೇಕು. ಬೊಲಿವಿಯದ ಬೆಟ್ಟದ ಮಗ್ಗುಲಲ್ಲಿ ಒಂದು ಕಾಡುಗಿಡ ಅಳಿದರೆ, ಅದು ದೂರದ ಸುದ್ದಿಯೆಂದು ಅಥಣಿಯ ಒಕ್ಕಲಿಗನು ಸುಮ್ಮನಿರುವಂತಿಲ್ಲ. ಅವನ ಶೇಂಗಾದ ತವರುಮನೆಯ ಒಂದು ದೀಪ ಆರಿತೆಂದೇ ತಿಳಿಯಬೇಕು.

ಮುಂದೆ ಎಂದಾದರೂ ನಿಪ್ಪಾಣಿಯ ಕಡೆ ಹೋಗುವವರು, ಎಲ್ಲ ಗಿಡಗಳ ಕುಡಿಯನ್ನೂ ಚಿವುಟಿದ ಹೊಲದ ಮೂಲೆಯಲ್ಲಿ ಬೀಜಕ್ಕೆಂದು ಬಿಟ್ಟ ಒಂದೆರಡು ಗಿಡಗಳನ್ನು ಕಂಡರೆ ಸ್ವಲ್ಪ ಹೊತ್ತು ನಿಂತು ನೋಡಲಿ. ಆ ನಸುಗೆಂಪು ಹೂವಿನಲ್ಲಿ ಎರಡು ಕಾಡುಗಿಡಗಳ ವಂಶಗಳು ಇಂದಿಗೂ ಜೊತೆಯಾಗಿ ಅರಳುತ್ತಿವೆ. ಕೋಲ್ರಾಯ್ಟರನು ಬಂಜೆಯೆಂದು ಕೈಬಿಟ್ಟ ದಾರಿಯಲ್ಲಿಯೇ ಪ್ರಕೃತಿಯು ಅದನ್ನು ಇಲ್ಲಿಯವರೆಗೆ ನಡೆಸಿಕೊಂಡು ಬಂದಿದೆ ಎಂಬುದನ್ನು ನೆನೆಯಬೇಕೆಂದು ಹೇಳಿ, ನಾವು ಈ ಮಾತನ್ನು ಮುಗಿಸುತ್ತೇವೆ.